1500ಡಿ ಇದೆ, ಕೈಯಲ್ಲಿ 70 ಸಾವಿರ ಇದೆ: ಆಕಾಶಗಂಗೆಗೆ ಬಾಡಿ ಬದಲಿಸಬೇಕೋ, ಲೆನ್ಸ್ ಕೊಳ್ಳಬೇಕೋ?

ಗಂಗಾವತಿ_ಗದ್ದೆ

ನಮಸ್ಕಾರ ಎಲ್ಲರಿಗೂ. ಕ್ಯಾನನ್ 1500ಡಿ ಇದೆ, ಜೊತೆಗೆ 18-55 ಮತ್ತು 55-250. ಹಗಲಿನಲ್ಲಿ ಆನೆಗೊಂದಿ, ಸಾಣಾಪುರ ಕಡೆಯ ಬಂಡೆಗುಡ್ಡ, ಗದ್ದೆ, ಹೊಳೆ ತೆಗೆಯಲು ಇದು ಸಾಕಾಗುತ್ತಿದೆ. ತೊಂದರೆ ಇರುವುದು ರಾತ್ರಿ. 18 ಎಂಎಂ, ಎಫ್ 3.5, 25 ಸೆಕೆಂಡ್, ಐಎಸ್‌ಒ 6400 ಇಟ್ಟರೆ ನಕ್ಷತ್ರಗಳು ಚುಕ್ಕಿಯಾಗುವ ಬದಲು ಅಕ್ಕಿಕಾಳಿನ ಹಾಗೆ ಉದ್ದವಾಗುತ್ತವೆ. ಬಂಡೆಗಳ ನೆರಳಿನಲ್ಲಿ ಕೆಂಪು ನೀಲಿ ಕಾಳು. ಆಗ್ನೇಯಕ್ಕೆ ಕ್ಯಾಮೆರಾ ತಿರುಗಿಸಿದರೆ ಕೆಳಗೆಲ್ಲ ಕಿತ್ತಳೆ ಬಣ್ಣ.

ಒಟ್ಟು 70 ಸಾವಿರದೊಳಗೆ ಮುಗಿಸಬೇಕು. ಫುಲ್ ಫ್ರೇಮ್ (ದೊಡ್ಡ ಸೆನ್ಸರ್ ಇರುವ) ಬಾಡಿ ಸೆಕೆಂಡ್ ಹ್ಯಾಂಡ್ ತಗೊಳ್ಳಲೋ, ಇದೇ ಬಾಡಿಗೆ ಒಳ್ಳೆಯ ಲೆನ್ಸ್ ಹಾಕಲೋ? ಈಗಿರುವ ಟ್ರೈಪಾಡ್ ಕ್ಯಾಮೆರಾ ಜೊತೆ ಉಚಿತವಾಗಿ ಬಂದದ್ದು. ಹಗಲಿನ ಕೆಲಸಕ್ಕೂ ಆಗುವಂಥದ್ದಿದ್ದರೆ ಇನ್ನೂ ಒಳ್ಳೆಯದು.

ಕಲ್ಲುಗುಡ್ಡ

ಬಾಡಿ ಮುಟ್ಟಬೇಡಿ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಒಂದು ನಿಮ್ಮ ಸೆಟ್ಟಿಂಗ್‌ನದು, ಒಂದು ಲೆನ್ಸ್‌ನದು, ಮೂರನೆಯದು ದಿಕ್ಕಿನದು. ಬಾಡಿ ಬದಲಿಸಿದರೆ ಮೊದಲನೆಯದೂ ಮೂರನೆಯದೂ ಹಾಗೆಯೇ ಉಳಿಯುತ್ತವೆ.

ಅಕ್ಕಿಕಾಳಿನ ಲೆಕ್ಕ ನೋಡಿ. ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ತಿರುಗುತ್ತದೆ (ಒಂದು ಡಿಗ್ರಿಗೆ 3600 ಆರ್ಕ್‌ಸೆಕೆಂಡ್). 1500ಡಿಯ ಒಂದು ಪಿಕ್ಸೆಲ್ ಅಗಲ 3.72 ಮೈಕ್ರಾನ್, 18 ಎಂಎಂನಲ್ಲಿ ಅದು ಸುಮಾರು 43 ಆರ್ಕ್‌ಸೆಕೆಂಡ್ ಆಕಾಶವನ್ನು ಹಿಡಿಯುತ್ತದೆ. ಅಂದರೆ 25 ಸೆಕೆಂಡಿನಲ್ಲಿ ನಕ್ಷತ್ರ ಸುಮಾರು 9 ಪಿಕ್ಸೆಲ್ ಜಾರಿರುತ್ತದೆ. ಎಲ್ಲರೂ ಹೇಳುವ 500ರ ಸೂತ್ರ, ಅಂದರೆ ಲೆನ್ಸ್‌ನ ಎಂಎಂ ಅನ್ನು 1.6ರಿಂದ (ನಿಮ್ಮ ಸಣ್ಣ ಸೆನ್ಸರ್‌ನ ಲೆಕ್ಕ) ಗುಣಿಸಿ ಬಂದದ್ದರಿಂದ 500ನ್ನು ಭಾಗಿಸುವುದು, ನಿಮಗೆ 17 ಸೆಕೆಂಡ್ ಕೊಡುತ್ತದೆ. ಅದೂ 6 ಪಿಕ್ಸೆಲ್ ಎಳೆಯುತ್ತದೆ. ಆ ಸೂತ್ರ ಫಿಲ್ಮ್ ಕಾಲದ್ದು, 24 ಮೆಗಾಪಿಕ್ಸೆಲ್‌ಗೆ ಸಡಿಲವಾಯಿತು. ಇದನ್ನು ಬಳಸಿ: ಎಫ್ ಸಂಖ್ಯೆಯನ್ನು 35ರಿಂದ ಗುಣಿಸಿ, ಪಿಕ್ಸೆಲ್ ಮೈಕ್ರಾನ್ ಅನ್ನು 30ರಿಂದ ಗುಣಿಸಿ, ಎರಡನ್ನೂ ಕೂಡಿ ಲೆನ್ಸ್‌ನ ಎಂಎಂನಿಂದ ಭಾಗಿಸಿ. ನಿಮ್ಮ ಕಿಟ್ ಲೆನ್ಸ್‌ಗೆ (18-55) 13 ಸೆಕೆಂಡ್ ಬರುತ್ತದೆ.

ಈಗ 25ರಿಂದ 13ಕ್ಕೆ ಇಳಿದರೆ ಬೆಳಕು ಅರ್ಧ. ಅದನ್ನು ಲೆನ್ಸ್‌ನ ಕಿಂಡಿಯಿಂದಲೇ (ಅಪರ್ಚರ್) ತುಂಬಬೇಕು. 18ನ್ನು 3.5ರಿಂದ ಭಾಗಿಸಿದರೆ ಕಿಂಡಿ 5 ಎಂಎಂ. ನಿಮ್ಮ ಬೆಲೆಯೊಳಗೆ ಇಎಫ್ ಮೌಂಟ್‌ಗೆ, ಅಂದರೆ ನಿಮ್ಮ ಕ್ಯಾನನ್ ಬಾಡಿಗೆ ಕೂರುವಂತೆ, ಬರುವವು ಇಷ್ಟು.

ಸ್ಯಾಮ್ಯಾಂಗ್ 16 ಎಂಎಂ ಎಫ್ 2: ಕಿಂಡಿ 8 ಎಂಎಂ, ಹೆಚ್ಚೆಂದರೆ 11 ಸೆಕೆಂಡ್. ಪೂರ್ತಿ ಮ್ಯಾನುಯಲ್, ಅಪರ್ಚರ್ ಉಂಗುರ ಲೆನ್ಸ್ ಮೇಲೆಯೇ ಇದೆ, ಬಾಡಿಯ ಪರದೆಯಲ್ಲಿ ಎಫ್ ಜಾಗದಲ್ಲಿ 00 ತೋರಿಸುತ್ತದೆ. ಕೆಟ್ಟಿದೆ ಅಂದುಕೊಳ್ಳಬೇಡಿ, ಎಂ ಮೋಡ್‌ನಲ್ಲಿ ಕ್ಲಿಕ್ ಆಗುತ್ತದೆ.

ಸಿಗ್ಮಾ 18-35 ಎಫ್ 1.8: 18ರಲ್ಲಿ ಎಫ್ 2ಕ್ಕೆ ಇಟ್ಟರೆ ಕಿಂಡಿ 9 ಎಂಎಂ, 10 ಸೆಕೆಂಡ್. ಗಾಜು ಅದ್ಭುತ. ತೂಕ 810 ಗ್ರಾಂ, ಅಂದರೆ ಬಾಡಿಗಿಂತ ಲೆನ್ಸೇ ಭಾರ, ಮೂತಿ ಕೆಳಗೆ ಬಾಗುತ್ತದೆ.

ಟೋಕಿನಾ 11-20 ಎಫ್ 2.8: 11ರಲ್ಲಿ 19 ಸೆಕೆಂಡ್ ಸಿಗುತ್ತದೆ. ಆದರೆ ಕಿಂಡಿ ಬರೀ 4 ಎಂಎಂ. ಆಕಾಶಗಂಗೆಯ ಹಾಲುಬಣ್ಣ ಕಿಟ್ ಲೆನ್ಸ್‌ಗಿಂತ ಚೆನ್ನಾಗಿ ಬರುತ್ತದೆ, ಏಕೆಂದರೆ ಹರಡಿದ ಬೆಳಕಿಗೆ ಎಫ್ ಸಂಖ್ಯೆ ಮುಖ್ಯ. ಬಿಡಿ ನಕ್ಷತ್ರಗಳು ಮಾತ್ರ ಸಣ್ಣಗೆ, ಮಂಕಾಗಿ ಕಾಣುತ್ತವೆ, ಏಕೆಂದರೆ ಚುಕ್ಕಿ ಬೆಳಕಿಗೆ ಕಿಂಡಿಯ ಅಗಲ ಮುಖ್ಯ. ಇದು ಅಂಗಡಿಯವರು ಹೇಳದ ಮಾತು. ಹಗಲಿನ ಬಂಡೆಗುಡ್ಡಕ್ಕೆ ಮಾತ್ರ ಇದೇ ರಾಜ.

ನನ್ನ ಆಯ್ಕೆ: ಹಗಲಿಗೆ 18-55 ಎಫ್ 8ರಲ್ಲಿ ಸಾಕಷ್ಟು ಚೂಪಾಗಿದೆ, ಅದನ್ನು ಉಳಿಸಿಕೊಳ್ಳಿ. ರಾತ್ರಿಗೆ ಸ್ಯಾಮ್ಯಾಂಗ್ 16. ಉಳಿದ ದುಡ್ಡು ಟ್ರೈಪಾಡ್‌ಗೆ. ಇನ್ನೂ ಕಡಿಮೆ ಖರ್ಚಿನ ಉಪಾಯವೂ ಇದೆ. ಕ್ಯಾನನ್ ಇಎಫ್-ಎಸ್ 24 ಎಂಎಂ ಎಫ್ 2.8 ಪ್ಯಾನ್‌ಕೇಕ್, ತೂಕ 125 ಗ್ರಾಂ, ಕಿಂಡಿ 8.6 ಎಂಎಂ. ಕ್ಯಾಮೆರಾ ಲಂಬವಾಗಿ ಹಿಡಿದು 20 ಡಿಗ್ರಿಗೊಂದರಂತೆ 6 ಫೋಟೊ, ತಲಾ 8 ಸೆಕೆಂಡ್, ಕಂಪ್ಯೂಟರ್‌ನಲ್ಲಿ ಹೊಲಿದರೆ 120 ಡಿಗ್ರಿ ಅಗಲದ ಆಕಾಶ. ದುಬಾರಿ ಲೆನ್ಸ್‌ನ ಒಂದು ಫೋಟೊಗಿಂತ ಅದು ಚೆನ್ನಾಗಿರುತ್ತದೆ. ಬೇಕಾದದ್ದು ತಾಳ್ಮೆ.

ಐಎಸ್‌ಒ 6400 ಬಿಡಿ, 3200 ಸಾಕು. ಆ ಸೆನ್ಸರ್‌ನಲ್ಲಿ ಅಲ್ಲಿಂದ ಮೇಲಕ್ಕೆ ಹೋದರೆ ಹೊಸ ಬೆಳಕೇನೂ ಸಿಗುವುದಿಲ್ಲ, ನಕ್ಷತ್ರದ ಬಣ್ಣ ಸುಟ್ಟು ಬಿಳಿಯಾಗುತ್ತದೆ, ಅಷ್ಟೇ. ಹಾಗಂತ 400ರಲ್ಲಿ ತೆಗೆದು ಕಂಪ್ಯೂಟರ್‌ನಲ್ಲಿ ಎತ್ತಲು ಹೋದರೆ ನೆರಳಿನಲ್ಲಿ ಗೆರೆಗೆರೆ ಬರುತ್ತದೆ.

ಎರೆಹೊಲ

ಲೆನ್ಸಿನ ಮಾತು ಕಲ್ಲುಗುಡ್ಡ ಅಣ್ಣಾರು ಹೇಳಿದ್ದು ಸರಿ ಐತ್ರಿ. ಆದ್ರ ಮೊದಲ ರೊಕ್ಕ ಟ್ರೈಪಾಡಿಗೆ ಹಾಕ್ರಿ. 10-12 ಸಾವಿರ ತೆಗೆದಿಡ್ರಿ ಅದಕ್ಕ. ಪುಕ್ಕಟೆ ಬಂದದ್ದರ ಮ್ಯಾಲೆ ಯಾವ ಲೆನ್ಸ್ ಇಟ್ರೂ ಅಷ್ಟ.

ಅಂಗಡ್ಯಾಗ ಪರೀಕ್ಷೆ ಹಿಂಗ ಮಾಡ್ರಿ. ಕ್ಯಾಮೆರಾ ಹಾಕಿ, 55-250 ಲೆನ್ಸ್ ಪೂರಾ 250ಕ್ಕ ಎಳದು, ಲೈವ್ ವ್ಯೂ ಹಚ್ಚಿ 10 ಪಟ್ಟು ದೊಡ್ಡದು ಮಾಡಿ ಎದುರಿನ ಬೋರ್ಡಿನ ಒಂದು ಅಕ್ಷರ ಹಿಡೀರಿ. ಬೆರಳ ತುದಿಲೆ ಕಾಲಿಗೆ ಒಮ್ಮೆ ಟಪ್ ಅಂತ ಬಡೀರಿ. ಅಕ್ಷರ ಒಂದೆರಡು ಸೆಕೆಂಡಿನ್ಯಾಗ ನಿಂತರ ತಗೋರಿ. ನಾಲ್ಕೈದು ಸೆಕೆಂಡ್ ಅಲ್ಲಾಡಕತ್ತಿದ್ರ ವಾಪಸ್ ಕೊಡ್ರಿ, ಪೆಟ್ಟಿಗಿ ಮ್ಯಾಲೆ ಎಷ್ಟು ಕಿಲೋ ಹೊರತೈತಿ ಅಂತ ಬರದಿದ್ರೂ ನಂಬಬ್ಯಾಡ್ರಿ. ನಡುವಿನ ಕಂಬ ಎತ್ತೂದು ಬ್ಯಾಡ. ಕೆಳಗ ಕೊಕ್ಕಿ ಇದ್ದದ್ದು ನೋಡ್ರಿ, ಚೀಲಕ್ಕ ಕಲ್ಲು ತುಂಬಿ ಹಾಕಬೇಕಾಗತೈತಿ. ಆದ್ರ ಚೀಲ ಗಾಳಿಗೆ ಜೋಕಾಲಿ ಆಡಬಾರ್ದು, ತಳ ನೆಲಕ್ಕ ಹತ್ತಿರಬೇಕು. ಜೋಲಾಡೋ ಚೀಲ ಇಲ್ಲದ ಚೀಲಕ್ಕಿಂತ ಕೆಟ್ಟದ್ದು.

ಇನ್ನ ನೆಲ. ಬಂಡೆಗಲ್ಲಿನ ಮ್ಯಾಲೆ ಆದ್ರ ರಬ್ಬರ್ ಪಾದ, ಮೊಳಿ ಪಾದ ಜಾರತಾವ. ಮಸಾರಿ ನೆಲ ಏನೂ ತಕರಾರಿಲ್ಲ. ಸಿಂಧನೂರು, ಮಾನ್ವಿ ಕಡೆ ಎರೆ ಭೂಮ್ಯಾಗ ಖರೆ ಪಜೀತಿ. ಹಸಿ ಇದ್ದಾಗ ಕಾಲು ಅರ್ಧ ತಾಸಿನ್ಯಾಗ ಕಾಣದಂಗ ಇಳೀತಾವ, ಒಂದು ಹೆಚ್ಚು ಒಂದು ಕಡಿಮಿ. ಮೊದಲನೇ ಫೋಟೊಕ್ಕೂ ಕೊನೇದಕ್ಕೂ ನೆಲದ ಗೆರಿ ಹೊಂದೂದಿಲ್ಲ, ಆಮ್ಯಾಲೆ ಒಂದರ ಮ್ಯಾಲೊಂದು ಕೂಡಸಾಕ ಬರೂದಿಲ್ಲ. ಒಂದೊಂದು ಕಾಲಿನ ಕೆಳಗ ಗೇಣಗಲ ಪ್ಲೈವುಡ್ ತುಂಡು ಇಲ್ಲಾ ಚಪ್ಪಟಿ ಕಲ್ಲು ಇಡ್ರಿ. ಬ್ಯಾಸಗ್ಯಾಗ ಅದೇ ನೆಲ ಬಿರಿದಿರತೈತಿ, ಬಿರುಕಿನ ದಂಡಿ ಮ್ಯಾಲೆ ಕಾಲು ಊರಬ್ಯಾಡ್ರಿ, ಹೆಂಟಿ ಮುರದು ಕ್ಯಾಮೆರಾನೇ ಉರುಳತೈತಿ.

ಇಬ್ಬನಿ ಮರೀಬ್ಯಾಡ್ರಿ. ಕಾರ್ತೀಕದಿಂದ ಪುಷ್ಯದ ತನಕ ಕಾಲುವಿ ನೀರಿನ ಗದ್ದಿ ಹತ್ರ ನಡುರಾತ್ರಿ ಮ್ಯಾಲೆ ಲೆನ್ಸಿನ ಮುಂದಿನ ಗಾಜು ಮಬ್ಬಾಗತೈತಿ. ನಕ್ಷತ್ರದ ಸುತ್ತ ಬೆಳಕಿನ ಉಂಗುರ ಕಾಣಕತ್ತಿದ್ರ ಇಬ್ಬನಿ ಶುರು ಆತಂತ ತಿಳೀರಿ. ಒರಸಿದ್ರ ಎರಡು ನಿಮಿಷಕ್ಕ ಮತ್ತ ಬರತೈತಿ. ಯುಎಸ್‌ಬಿ ಹೀಟರ್ ಪಟ್ಟಿ ಸಿಗತೈತಿ, ಲೆನ್ಸಿನ ಮೂತಿಗೆ ಸುತ್ತಿ ಪವರ್ ಬ್ಯಾಂಕಿಗೆ ಹಚ್ರಿ. 5 ವ್ಯಾಟಿನ ಪಟ್ಟಿ, 10,000 ಎಂಎಎಚ್ ಬ್ಯಾಂಕು, ಆರು ತಾಸಿನ ಹತ್ರ ನಡೀತೈತಿ. ಫೋಕಸ್ ಮಾಡೂಕಿಂತ ಮೊದಲೇ ಹಚ್ರಿ. ಆಮ್ಯಾಲೆ ಹಚ್ಚಿದ್ರ ಗಾಜು ಬಿಸಿಯಾಗಿ ಫೋಕಸ್ ಸರೀತೈತಿ.

ಒಂದು ಭಿನ್ನ ಮಾತು. ಸೆಕೆಂಡ್ ಹ್ಯಾಂಡ್ ಕ್ಯಾನನ್ 6ಡಿ ಛಲೋ ಸ್ಥಿತಿಯೊಳಗ ಸಿಕ್ರ, ಜೊತಿಗೆ ಸ್ಯಾಮ್ಯಾಂಗ್ 14 ಎಫ್ 2.8 ಹಾಕಿದ್ರ, ರಾತ್ರಿ ಕೆಲಸಕ್ಕ ಅದರ ಮುಂದ 1500ಡಿ ನಿಲ್ಲೂದಿಲ್ರಿ. ಪಿಕ್ಸೆಲ್ 6.55 ಮೈಕ್ರಾನ್, 21 ಸೆಕೆಂಡ್ ತನಕ ಚುಕ್ಕಿ ಚುಕ್ಕಿಯಾಗೇ ಇರತಾವ. ವಿಚಾರ ಮಾಡ್ರಿ.

ಗಂಗಾವತಿ_ಗದ್ದೆ

ಇಬ್ಬರಿಗೂ ಧನ್ಯವಾದ. 6ಡಿ ಮಾತು ಕೇಳಿ ಮನಸ್ಸು ಮತ್ತೆ ಅಲ್ಲಾಡಿತು. ಈಗಿರುವ ಎರಡೂ ಲೆನ್ಸ್ ಅದಕ್ಕೆ ಕೂರುತ್ತವೆಯೇ? ಮತ್ತೆ ಆ ಕಿತ್ತಳೆ ಬಣ್ಣಕ್ಕೆ ಲೈಟ್ ಪೊಲ್ಯೂಷನ್ ಫಿಲ್ಟರ್ ಅಂತ ಬರುತ್ತದಲ್ಲ, ಅದು ಉಪಯೋಗವಾಗುತ್ತದೆಯೇ? ಯಾವ ತಿಂಗಳು ಎಲ್ಲಿಗೆ ಹೋಗಬೇಕು ಎಂಬುದನ್ನೂ ತಿಳಿದವರು ಹೇಳಿ.

ಕಲ್ಲುಗುಡ್ಡ

ಕೂರುವುದಿಲ್ಲ. ನಿಮ್ಮ ಎರಡೂ ಲೆನ್ಸ್ ಇಎಫ್-ಎಸ್, ಮೌಂಟ್ ಮೇಲೆ ಬಿಳಿ ಚೌಕದ ಗುರುತು ಇರುತ್ತದೆ ನೋಡಿ. 6ಡಿಯಲ್ಲಿ ಇರುವುದು ಕೆಂಪು ಚುಕ್ಕಿ ಮಾತ್ರ. ಒತ್ತಿ ಕೂರಿಸಲು ಹೋಗಬೇಡಿ. ಅಂದರೆ 6ಡಿ ಕೊಂಡ ದಿನವೇ ನಿಮ್ಮ ಹಗಲಿನ ಲೆನ್ಸ್ ಎರಡೂ ಹೋದವು, ಅವುಗಳ ಬದಲಿಗೂ ದುಡ್ಡು ಬೇಕು. ಎರೆಹೊಲ ಅವರ ಲೆಕ್ಕ ರಾತ್ರಿಗೆ ಸರಿ, ನಿಮ್ಮ 70 ಸಾವಿರಕ್ಕೆ ಅಲ್ಲ. ಸ್ಯಾಮ್ಯಾಂಗ್ 14ರ ಮುಂದಿನ ಗಾಜು ಉಬ್ಬಿರುವುದರಿಂದ ಹಗಲಿಗೆ ಸಾಮಾನ್ಯ ಫಿಲ್ಟರ್ ತಿರುಗಿಸಿ ಹಾಕುವ ಹಾಗೂ ಇಲ್ಲ.

ಲೈಟ್ ಪೊಲ್ಯೂಷನ್ ಫಿಲ್ಟರ್ ಹಳದಿ ಸೋಡಿಯಂ ದೀಪದ ಕಾಲಕ್ಕೆ ಹೇಳಿ ಮಾಡಿಸಿದ್ದು. ಆ ದೀಪದ ಬೆಳಕು ಒಂದು ಕಿರಿದಾದ ಬಣ್ಣದಲ್ಲಿ ಇರುತ್ತಿತ್ತು, ಅದನ್ನಷ್ಟೇ ಸೋಸಬಹುದಿತ್ತು. ಈಗ ಊರೂರಿಗೂ ಬಿಳಿ ಎಲ್‌ಇಡಿ. ಅದರಲ್ಲಿ ಎಲ್ಲ ಬಣ್ಣವೂ ಇದೆ, ಸೋಸಿದರೆ ನಕ್ಷತ್ರದ ಬೆಳಕೂ ಹೋಗುತ್ತದೆ. ಆ ದುಡ್ಡಿಗೆ ಪೆಟ್ರೋಲ್ ಹಾಕಿಸಿ 30 ಕಿಲೋಮೀಟರ್ ಆಚೆ ಹೋಗುವುದು ಲಾಭ. ಹಾಗೆಯೇ ಲೆನ್ಸ್ ಕಾಪಾಡಲೆಂದು ಹಾಕಿದ ಯುವಿ ಫಿಲ್ಟರ್ ಇದ್ದರೆ ರಾತ್ರಿ ಬಿಚ್ಚಿಡಿ, ದೀಪದ ಪ್ರತಿಬಿಂಬ ಹಸಿರು ಚುಕ್ಕಿಯಾಗಿ ಆಕಾಶದಲ್ಲಿ ಮೂಡುತ್ತದೆ. ಹಗಲಿಗೆ ಒಂದು ಪೋಲರೈಸರ್ ಇರಲಿ, ಬಂಡೆಯ ಮಿರುಗು ಮತ್ತು ಹೊಳೆಯ ಹೊಳಪು ಇಳಿಯುತ್ತದೆ.

ಸೊಂಡೂರು_ದಾರಿ

ದಿಕ್ಕಿನ ವಿಷಯಕ್ಕೆ ಬರುತ್ತೇನೆ, ಗೇರ್‌ಗಿಂತ ಇದೇ ಹೆಚ್ಚು ಕೆಲಸ ಮಾಡುತ್ತದೆ.

ನಮ್ಮ ಅಕ್ಷಾಂಶ 15 ಡಿಗ್ರಿ ಚಿಲ್ಲರೆ. ಆಕಾಶಗಂಗೆಯ ದಟ್ಟ ಭಾಗ, ಧನು ವೃಶ್ಚಿಕಗಳ ನಡುವಿನದು, ನೇರ ದಕ್ಷಿಣಕ್ಕೆ ಬಂದಾಗ ಸುಮಾರು 45 ಡಿಗ್ರಿ ಎತ್ತರದಲ್ಲಿರುತ್ತದೆ. ಯುರೋಪಿನ ಫೋಟೊಗ್ರಾಫರ್‌ಗಳಿಗೆ ಈ ಎತ್ತರ ಸಿಗುವುದಿಲ್ಲ. ಆದರೆ ಅದು ಹುಟ್ಟುವುದು ಆಗ್ನೇಯಕ್ಕೆ. ಆನೆಗೊಂದಿಯಿಂದ ಆಗ್ನೇಯಕ್ಕೆ 25 ಕಿಲೋಮೀಟರ್‌ನಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ನಿಮ್ಮ ಕಿತ್ತಳೆ ಬಣ್ಣ ಅದೇ. ನೈರುತ್ಯಕ್ಕೆ ಹೊಸಪೇಟೆ. ಇವೆರಡರ ನಡುವೆ ದಕ್ಷಿಣಕ್ಕೆ ಒಂದು ಕಿಟಕಿ ಇದೆ, ಅದರ ಹಿಂದೆ ಸೊಂಡೂರಿನ ಗುಡ್ಡಸಾಲು. ಆಕಾಶಗಂಗೆ ಆ ಕಿಟಕಿಗೆ ಬರುವ ತನಕ ಕಾಯಬೇಕು.

ಏಪ್ರಿಲ್ ನಡುವಿನಲ್ಲಿ ಅದು ರಾತ್ರಿ 11ರ ಸುಮಾರಿಗೆ ಹುಟ್ಟಿ, ಬೆಳಗಿನ ಜಾವ ನಾಲ್ಕೂವರೆಗೆ ನೇರ ದಕ್ಷಿಣಕ್ಕೆ ಬರುತ್ತದೆ. ಆಮೇಲೆ ಇಪ್ಪತ್ತು ನಿಮಿಷದಲ್ಲಿ ಬೆಳಗಿನ ಬೆಳಕು ಶುರು. ತಿಂಗಳಿಗೆ ಎರಡು ತಾಸಿನಂತೆ ಹಿಂದೆ ಬರುತ್ತದೆ, ಮೇ ನಡುವಿನಲ್ಲಿ ಎರಡೂವರೆಗೇ ದಕ್ಷಿಣಕ್ಕೆ. ಜೂನ್‌ನಿಂದ ಮೋಡ. ಅಕ್ಟೋಬರ್‌ನಲ್ಲಿ ಮಳೆ ತೊಳೆದ ಆಕಾಶ ಚೊಕ್ಕವಾಗಿರುತ್ತದೆ, ಆದರೆ ಆಗ ಸಂಜೆ 7:15ರಿಂದ 9ರವರೆಗೆ ಮಾತ್ರ, ಅದೂ ನೈರುತ್ಯದಲ್ಲಿ. ಆನೆಗೊಂದಿಯಿಂದಾದರೆ ಅದು ಹೊಸಪೇಟೆಯ ದೀಪದ ಮೇಲೆ. ಅಕ್ಟೋಬರ್‌ಗೆ ಸೊಂಡೂರಿನ ದಕ್ಷಿಣ ಭಾಗವೇ ವಾಸಿ, ಅಲ್ಲಿಂದ ಕಾರ್ಖಾನೆಯ ಬೆಳಕು ಬೆನ್ನ ಹಿಂದೆ ಉತ್ತರಕ್ಕೆ ಬೀಳುತ್ತದೆ. ಅದಿರಿನ ಕೆಂಪು ದೂಳಿನ ರಸ್ತೆಯಲ್ಲಿ ಮಾತ್ರ ಲೆನ್ಸ್ ಬಿಚ್ಚಬೇಡಿ. ಮನೆಯಲ್ಲೇ ಹಾಕಿಕೊಂಡು ಹೋಗಿ.

ತಿಥಿ: ಎಲ್ಲರೂ ಅಮಾವಾಸ್ಯೆ ಅನ್ನುತ್ತಾರೆ. ಏಪ್ರಿಲ್ ಮೇ ತಿಂಗಳಲ್ಲಿ ಅಮಾವಾಸ್ಯೆಗಿಂತ ಅದರ ನಂತರದ ಶುಕ್ಲ ಪಂಚಮಿಯಿಂದ ಸಪ್ತಮಿ ಒಳ್ಳೆಯದು. ಚಂದ್ರ ಪಶ್ಚಿಮದಲ್ಲಿದ್ದು ನಡುರಾತ್ರಿಯ ಸುಮಾರಿಗೆ ಮುಳುಗಿರುತ್ತಾನೆ. ರಾತ್ರಿ 9ಕ್ಕೆ ದಕ್ಷಿಣಕ್ಕೆ ಮುಖ ಮಾಡಿ ಟ್ರೈಪಾಡ್ ಊರಿದರೆ ಬೆಳದಿಂಗಳು ಬಲಗಡೆಯಿಂದ ಬಂಡೆಗಳ ಮೇಲೆ ಓರೆಯಾಗಿ ಬೀಳುತ್ತದೆ, ಬಂಡೆಯ ಒಂದೊಂದು ಬಿರುಕೂ ಕಾಣುತ್ತದೆ. ಮೊದಲು ಅದನ್ನು ತೆಗೆಯಿರಿ, ಐಎಸ್‌ಒ 800, ಒಂದು ನಿಮಿಷದಿಂದ ಶುರು ಮಾಡಿ. ಟ್ರೈಪಾಡ್ ಅಲ್ಲಾಡಿಸಬೇಡಿ. ಚಂದ್ರ ಮುಳುಗಿದ ಮೇಲೆ ಆಕಾಶ ತೆಗೆದು ಎರಡನ್ನೂ ಕೂಡಿಸಿ. ಟಾರ್ಚ್ ಬಿಟ್ಟು ಬಂಡೆ ಬೆಳಗಿಸಿದ ಫೋಟೊಗಳು ನನಗಂತೂ ಮದುವೆ ಮಂಟಪದ ಹಾಗೆ ಕಾಣುತ್ತವೆ. ಅಕ್ಟೋಬರ್‌ನಲ್ಲಿ ಇದು ತಿರುಗುಮುರುಗು: ಕೆಲಸ ಸಂಜೆಯೇ ಆದ್ದರಿಂದ ಕೃಷ್ಣ ಪಂಚಮಿಯಿಂದ ಅಮಾವಾಸ್ಯೆಯವರೆಗೆ ಚಂದ್ರನ ಕಾಟ ಇಲ್ಲ.

ಹಿರೇಬೆಣಕಲ್ಲಿನ ಮೋರೇರ ಮನೆಗಳು (ಪ್ರಾಚೀನ ಕಲ್ಲುಗೋರಿಗಳು) ಮುನ್ನೆಲೆಗೆ ಚೆನ್ನ, ಗಂಗಾವತಿಯ ಬೆಳಕು ಪೂರ್ವಕ್ಕೆ ಬೀಳುತ್ತದೆ. ಆದರೆ ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಜಾಗ, ಅನುಮತಿ ಪತ್ರ ಇಲ್ಲದೆ ರಾತ್ರಿ ಹೋಗಬೇಡಿ. ಗುಡ್ಡದ ಕಡೆ ಎಲ್ಲೇ ಹೋದರೂ ಕರಡಿ, ಚಿರತೆ ಇವೆ. ಅರಣ್ಯದ ಜಾಗವಾದರೆ ಇಲಾಖೆಯನ್ನು ಕೇಳಿ, ಒಬ್ಬರೇ ಹೋಗಬೇಡಿ, ಬಂಡೆ ಸಂದಿಗೆ ಕೈ ಹಾಕುವ ಮುಂಚೆ ಬೆಳಕು ಬಿಡಿ. ಕೆಲವರು ಟ್ರ್ಯಾಕರ್, ಅಂದರೆ ನಕ್ಷತ್ರಗಳ ಜೊತೆ ಕ್ಯಾಮೆರಾ ತಿರುಗಿಸುವ ಯಂತ್ರ, ತಗೊಳ್ಳಿ ಅನ್ನುತ್ತಾರೆ. ಈಗ ಬೇಡ. ನಮ್ಮಲ್ಲಿ ಧ್ರುವ ನಕ್ಷತ್ರ ಬರೀ 15 ಡಿಗ್ರಿ ಮೇಲೆ, ಬೇಸಿಗೆಯ ದೂಳಿನಲ್ಲೋ ಗುಡ್ಡದ ಹಿಂದೋ ಮರೆಯಾಗಿರುತ್ತದೆ. ಅದು ಕಾಣದೆ ಟ್ರ್ಯಾಕರ್ ಸರಿಹೊಂದಿಸುವುದರಲ್ಲೇ ಅರ್ಧ ರಾತ್ರಿ ಹೋಗುತ್ತದೆ.

ಗಂಗಾವತಿ_ಗದ್ದೆ

ಸ್ಯಾಮ್ಯಾಂಗ್ 16 ಮತ್ತು ಟ್ರೈಪಾಡ್ ಅಂತ ತೀರ್ಮಾನಿಸಿದೆ. ಲೆನ್ಸ್ ಸೆಕೆಂಡ್ ಹ್ಯಾಂಡ್ ಒಂದು ಬಳ್ಳಾರಿಯಲ್ಲಿ ಸಿಗುವ ಹಾಗಿದೆ. ನೋಡುವಾಗ ಏನು ಪರೀಕ್ಷೆ ಮಾಡಲಿ? ಫೋಕಸ್ ಉಂಗುರವನ್ನು ಅನಂತದ ಗುರುತಿಗೆ ಇಟ್ಟರೆ ಸಾಕಲ್ಲವೇ?

ಕಲ್ಲುಗುಡ್ಡ

ಸಾಕಾಗುವುದಿಲ್ಲ. ಆ ಕಂಪನಿಯ ಮ್ಯಾನುಯಲ್ ಲೆನ್ಸ್‌ಗಳಲ್ಲಿ ಅನಂತದ ಗುರುತು ಎಷ್ಟೋ ಸಲ ನಿಜವಾದ ಜಾಗದಲ್ಲಿ ಇರುವುದಿಲ್ಲ. ಲೈವ್ ವ್ಯೂ ಹಾಕಿ ಹೊಳೆಯುವ ನಕ್ಷತ್ರವೊಂದನ್ನು ನಡುವಿಗೆ ತನ್ನಿ. ಬೇಸಿಗೆಯಲ್ಲಿ ಸ್ವಾತಿ ಅಥವಾ ಜ್ಯೇಷ್ಠಾ, ಚಳಿಗಾಲದಲ್ಲಿ ಲುಬ್ಧಕ. 10 ಪಟ್ಟು ದೊಡ್ಡದು ಮಾಡಿ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸಿ. ನಕ್ಷತ್ರ ಸಣ್ಣದಾಗುತ್ತ ಹೋಗಿ ಮತ್ತೆ ಉಬ್ಬಲು ಶುರುವಾಗುತ್ತದೆ. ಆ ನಡುವಿನ ಅತಿ ಸಣ್ಣ ಜಾಗ ಹಿಡಿದು ಉಂಗುರಕ್ಕೆ ಟೇಪ್ ಅಂಟಿಸಿ. ಫೋಕಸ್ ಸ್ವಲ್ಪ ತಪ್ಪಿದರೆ ನಕ್ಷತ್ರದ ಸುತ್ತ ನೇರಳೆಯೋ ಹಸಿರೋ ಅಂಚು ಕಾಣುತ್ತದೆ. ಕಾದ ಬಂಡೆಯ ಮೇಲೆ ಸಂಜೆ ಮಾಡಿದ ಫೋಕಸ್ ಬೆಳಗಿನ ಜಾವಕ್ಕೆ ಸರಿದಿರಬಹುದು, ಎರಡು ತಾಸಿಗೊಮ್ಮೆ ನೋಡಿ. 1500ಡಿಯ ಪರದೆ ಮಡಚುವುದಿಲ್ಲ, ಟ್ರೈಪಾಡ್ ತಗ್ಗಿನಲ್ಲಿದ್ದರೆ ನೆಲದ ಮೇಲೆ ಮಲಗಬೇಕು. ವೈಫೈಯಿಂದ ಫೋನಿಗೆ ಹಚ್ಚಿದರೆ ಬೆನ್ನು ಉಳಿಯುತ್ತದೆ, ಬ್ಯಾಟರಿ ಮಾತ್ರ ಬೇಗ ಇಳಿಯುತ್ತದೆ. ಎರಡನೇ ಎಲ್‌ಪಿ-ಇ10 ಇಟ್ಟುಕೊಳ್ಳಿ.

ಎಫ್ 2ರಲ್ಲಿ ಈ ಲೆನ್ಸ್ ಸರಿಯಾಗಿ ಫೋಕಸ್ ಆದಾಗ ಸುಮಾರು 7 ಮೀಟರ್‌ಗಿಂತ ಹತ್ತಿರದ ಬಂಡೆ ಮಸುಕಾಗಿಯೇ ಇರುತ್ತದೆ. ಅದಕ್ಕೆ ಬೇರೆ ಫೋಕಸ್‌ನಲ್ಲಿ ಬೇರೆ ಫೋಟೊ.

ಒಂದೇ ಫೋಟೊಕ್ಕೆ ನೆಚ್ಚಬೇಡಿ. 2.5 ಎಂಎಂ ಪಿನ್ನಿನ ವೈರ್ ರಿಮೋಟ್ ಹಾಕಿ, ಡ್ರೈವ್ ಕಂಟಿನ್ಯುಯಸ್‌ಗೆ ಇಟ್ಟು, ಗುಂಡಿ ಲಾಕ್ ಮಾಡಿದರೆ 10 ಸೆಕೆಂಡಿನವು 16 ಸಾಲಾಗಿ ಬೀಳುತ್ತವೆ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಮುಚ್ಚಿರಿ, ಇಲ್ಲದಿದ್ದರೆ ಪ್ರತಿ ಫೋಟೊಕ್ಕೂ ಅಷ್ಟೇ ಹೊತ್ತು ಸುಮ್ಮನೆ ಕಾಯುತ್ತದೆ. ಸಿಕ್ವೇಟರ್ ಎಂಬ ಉಚಿತ ತಂತ್ರಾಂಶದಲ್ಲಿ ನೆಲ ನಿಲ್ಲಿಸಿ ಆಕಾಶ ಹೊಂದಿಸುವ ಆಯ್ಕೆ ಇದೆ. 16 ಸೇರಿಸಿದರೆ ಕಾಳು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೇ ತಿಂಗಳ ಸೆಕೆಗೆ ಸೆನ್ಸರ್ ಕಾದು ಕೆಂಪು ನೀಲಿ ಚುಕ್ಕಿ ಹೆಚ್ಚು. ಹೊರಡುವ ಮುಂಚೆ ಅಲ್ಲೇ, ಅದೇ ಐಎಸ್‌ಒ ಅದೇ ಸೆಕೆಂಡಿನಲ್ಲಿ, ಲೆನ್ಸ್ ಮುಚ್ಚಿ 10 ಕಪ್ಪು ಫೋಟೊ ತೆಗೆಯಿರಿ, ತಂತ್ರಾಂಶ ಅವನ್ನು ನೋಡಿ ಆ ಚುಕ್ಕಿಗಳನ್ನು ಕಳೆಯುತ್ತದೆ. ಮನೆಗೆ ಬಂದು ಫ್ಯಾನಿನ ಕೆಳಗೆ ತೆಗೆದ ಕಪ್ಪು ಫೋಟೊ ಪ್ರಯೋಜನಕ್ಕೆ ಬಾರದು, ಸೆನ್ಸರ್ ಅಷ್ಟೊತ್ತಿಗೆ ತಣ್ಣಗಾಗಿರುತ್ತದೆ.

ಬಳ್ಳಾರಿಯ ಲೆನ್ಸ್‌ಗೆ ನಿಮ್ಮ ಬಾಡಿ, ಟ್ರೈಪಾಡ್ ತಗೊಂಡು ಕತ್ತಲಾದ ಮೇಲೆ ಹೋಗಿ. ದೂರದ ಒಂದು ಬಿಳಿ ದೀಪವನ್ನು ನಡುವಿನಲ್ಲಿ ಫೋಕಸ್ ಮಾಡಿ, ಉಂಗುರ ಮುಟ್ಟದೆ ಅದೇ ದೀಪವನ್ನು ನಾಲ್ಕೂ ಮೂಲೆಗೆ ಸರಿಸಿ ಎಫ್ 2ರಲ್ಲಿ ಒಂದೊಂದು ಫೋಟೊ ತೆಗೆಯಿರಿ. ಮೂಲೆಗಳಲ್ಲಿ ದೀಪಕ್ಕೆ ರೆಕ್ಕೆ ಬರುವುದು ಸಹಜ, ನಾಲ್ಕರಲ್ಲೂ ಒಂದೇ ಅಳತೆಯ ರೆಕ್ಕೆ ಇದ್ದರೆ ಲೆನ್ಸ್ ಸರಿ ಇದೆ. ಮೂರು ಮೂಲೆ ಚೆನ್ನಾಗಿದ್ದು ಒಂದು ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಓರೆಯಾಗಿದೆ, ಬೆಲೆ ಎಷ್ಟೇ ಇಳಿಸಿದರೂ ಬೇಡ. ಆಮೇಲೆ ಅಪರ್ಚರ್ ಉಂಗುರವನ್ನು ಎಫ್ 16ಕ್ಕೆ ತಿರುಗಿಸಿ, ಮುಂದಿನಿಂದ ನೋಡಿ, ಎಲೆಗಳ ಮೇಲೆ ಎಣ್ಣೆಯ ಹೊಳಪು ಇರಬಾರದು. ಟಾರ್ಚನ್ನು ಹಿಂದಿನಿಂದ ಓರೆಯಾಗಿ ಬಿಟ್ಟರೆ ಬೂಷ್ಟು ಜೇಡರ ಬಲೆಯ ಹಾಗೆ ಕಾಣುತ್ತದೆ. ನಾಲ್ಕು ದೂಳಿನ ಕಣ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಬೂಷ್ಟಿದ್ದರೆ ಮಾತ್ರ ಅಲ್ಲಿಂದಲೇ ವಾಪಸ್ ಬನ್ನಿ.